ಹಗ್ಗ ಎಳೆದರೂ ಬೈಯದ ಕಾರ್ಖಾನೆ

ಮಗಳಿಗೆ ಕೆಲಸ ಸಿಕ್ಕಿತೆಂದು ಯಾರಾದರೂ ಸಿಹಿ ಹಂಚಿದರೆ ನಮ್ಮ ಬಾಯಿಂದ ಹೊರಡುವ ಮೊದಲ ಪ್ರಶ್ನೆ ‘ಸಂಬಳ ಎಷ್ಟು?’. ಎರಡನೆಯದು ‘ಯಾವ ಊರಲ್ಲಿ?’. ಎರಡೂ ಕೇಳಬೇಕಾದ ಪ್ರಶ್ನೆಗಳೇ, ತಪ್ಪೇನಿಲ್ಲ. ಆದರೆ ಅಲ್ಲಿ ಒಂದು ಕೆಲಸ ಕೆಟ್ಟರೆ ಮೇಲಿನವರು ಏನು ಮಾಡುತ್ತಾರೆ ಎಂದು ಕೇಳುವವರು ತೀರ ಕಡಿಮೆ. ಆರು ತಿಂಗಳು ಕಳೆದು, ಭಾನುವಾರ ಸಂಜೆಯಾಗುತ್ತಲೇ ಮಗಳ ಮುಖ ಬಾಡತೊಡಗಿದಾಗ ಆ ಪ್ರಶ್ನೆ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ನಮ್ಮ ಉತ್ತರವೂ ಸಿದ್ಧವಾಗಿರುತ್ತದೆ: ‘ಹೊಂದಿಕೊಂಡು ಹೋಗಬೇಕಮ್ಮ, ಎಲ್ಲ ಕಡೆಯೂ ಹೀಗೇ.’

ಎಲ್ಲ ಕಡೆಯೂ ಹೀಗೆಯೇ? ಅಮೆರಿಕದ ಒಂದು ಕಾರು ಕಾರ್ಖಾನೆಯ ಕಥೆ ಕೇಳಿದರೆ ಹಾಗೆನ್ನಲು ಮನಸ್ಸು ಬಾರದು. ಒಂದೇ ಕಟ್ಟಡ, ಒಂದೇ ಯೂನಿಯನ್, ಬಹುಮಟ್ಟಿಗೆ ಅದೇ ಕಾರ್ಮಿಕರು. ಮೊದಲು ದೇಶದಲ್ಲೇ ಕೆಟ್ಟ ಕೆಲಸಗಾರರೆಂಬ ಹೆಸರು ಹೊತ್ತಿದ್ದ ಅವರು ಎರಡೇ ವರ್ಷಗಳಲ್ಲಿ ಅತ್ಯುತ್ತಮರ ಸಾಲಿಗೆ ಸೇರಿದರು!

ಬಾಗಿಲೊಳಗಿನ ಬಾಟಲಿ

ಕ್ಯಾಲಿಫೋರ್ನಿಯದ ಸ್ಯಾನ್ ಫ್ರಾನ್ಸಿಸ್ಕೊ ಸಮೀಪದ ಫ್ರೀಮಾಂಟ್ ಇಂದು ಅನೇಕ ಕನ್ನಡ ಕುಟುಂಬಗಳಿಗೆ ಪರಿಚಿತ ಊರು. 1960ರ ದಶಕದ ಆರಂಭದಲ್ಲಿ ಜನರಲ್ ಮೋಟಾರ್ಸ್ ಅಲ್ಲಿ ದೊಡ್ಡ ಕಾರು ಕಾರ್ಖಾನೆ ತೆರೆಯಿತು. ಸಂಬಳ ಚೆನ್ನಾಗಿಯೇ ಇತ್ತು. ಆದರೂ ಪ್ರತಿದಿನ ಐವರಲ್ಲಿ ಒಬ್ಬರು ಗೈರುಹಾಜರು. ಸೋಮವಾರ ಬೆಳಿಗ್ಗೆ ಲೈನು ಚಾಲೂ ಮಾಡಲು ಜನ ಸಾಲದೆ ಪರದಾಡಿದ್ದೂ ಉಂಟು. ಕೆಲಸದ ವೇಳೆಯಲ್ಲೇ ಕುಡಿಯುವುದು, ಜೂಜಾಡುವುದು ನಡೆಯುತ್ತಿತ್ತು. ಸಿಟ್ಟು ಬಂದರೆ ಕಾರಿನ ಬಾಗಿಲೊಳಗೆ ಖಾಲಿ ಬಾಟಲಿ ಹಾಕಿ ಮುಚ್ಚಿಬಿಡುತ್ತಿದ್ದರಂತೆ. ಕೊಂಡವರು ಗಡಗಡ ಸದ್ದು ಎಲ್ಲಿಂದ ಬರುತ್ತಿದೆಯೆಂದು ತಿಳಿಯದೆ ತಲೆ ಕೆಡಿಸಿಕೊಳ್ಳಲಿ ಎಂದು!

ಇಂಥವರನ್ನು ‘ಸೋಮಾರಿಗಳು, ಕಿಡಿಗೇಡಿಗಳು’ ಎಂದು ಬೈದು ಮುಗಿಸುವುದು ಸುಲಭ. ಆದರೆ ಅಲ್ಲಿ ಒಂದು ಅಲಿಖಿತ ಕಟ್ಟಳೆ ಇತ್ತು: ಏನೇ ಆಗಲಿ, ಲೈನು ನಿಲ್ಲಬಾರದು. ಎಂಜಿನ್ ತಿರುವುಮುರುವಾಗಿ ಕೂತಿರಲಿ, ಬಂಪರ್ ಇಲ್ಲದಿರಲಿ, ಕಾರು ಮುಂದೆ ಸಾಗಬೇಕು. ಕೆಟ್ಟದ್ದನ್ನು ಕೊನೆಯಲ್ಲಿ ಹೊರಗಿನ ಅಂಗಳದಲ್ಲಿ ನಿಲ್ಲಿಸಿ ರಿಪೇರಿ ಮಾಡಿದರಾಯಿತು. ತಪ್ಪು ಕಣ್ಣೆದುರಿಗೇ ಇದ್ದರೂ ಲೈನು ನಿಲ್ಲಿಸಿದವನ ನೌಕರಿಗೆ ಸಂಚಕಾರ. ಕಂಡದ್ದನ್ನು ಕಾಣದಂತೆ ಇರು ಎಂದು ಪ್ರತಿದಿನ ಕಲಿಸುವ ಜಾಗದಲ್ಲಿ ಮನುಷ್ಯನಿಗೆ ತನ್ನ ಕೈಕೆಲಸದ ಮೇಲೆ ಅಭಿಮಾನ ಎಲ್ಲಿಂದ ಬರಬೇಕು? ಯೂನಿಯನ್ನು ಸಲ್ಲಿಸಿದ ಸಾವಿರಾರು ಅಹವಾಲುಗಳು ಇತ್ಯರ್ಥವಾಗದೆ ಬಿದ್ದಿದ್ದವು. 1982ರಲ್ಲಿ ಕಂಪೆನಿ ಕಾರ್ಖಾನೆಗೆ ಬೀಗ ಹಾಕಿತು. ಸಾವಿರಾರು ಸಂಸಾರಗಳು ಬೀದಿಗೆ ಬಿದ್ದವು.

ಜಪಾನಿನಲ್ಲಿ ಕಂಡದ್ದು

ಆಗ ಬಂದದ್ದು ಜಪಾನಿನ ಟೊಯೊಟಾ. ಅದಕ್ಕೆ ಅಮೆರಿಕದ ನೆಲದಲ್ಲಿ ಅಮೆರಿಕನ್ನರಿಂದ ಕಾರು ಮಾಡಿಸಿ ಅನುಭವ ಪಡೆಯಬೇಕಿತ್ತು. ಜನರಲ್ ಮೋಟಾರ್ಸ್‌ಗೆ ಒಳ್ಳೆಯ ಸಣ್ಣ ಕಾರು ಬೇಕಿತ್ತು, ಟೊಯೊಟಾದ ವಿದ್ಯೆಯೂ ಬೇಕಿತ್ತು. ಇಬ್ಬರೂ ಸೇರಿ ‘ನಮ್ಮಿ’ ಎಂಬ ಹೆಸರಿನಲ್ಲಿ ಅದೇ ಕಾರ್ಖಾನೆಯನ್ನು 1984ರಲ್ಲಿ ಮತ್ತೆ ತೆರೆದರು. ಯೂನಿಯನ್ ಜೊತೆಗಿನ ಒಪ್ಪಂದದಂತೆ ಹಳೆಯ ಕಾರ್ಮಿಕರನ್ನೇ ಕರೆಸಿಕೊಳ್ಳಲಾಯಿತು. ಮೊದಲಿಗೆ ಸೇರಿದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಹಳಬರು. ಯೂನಿಯನ್ನಿನ ಮುಂದಾಳುಗಳೂ ಅವರಲ್ಲಿ ಇದ್ದರು.

ತಂಡದ ನಾಯಕರಾಗಬೇಕಿದ್ದ ನೂರಾರು ಜನರನ್ನು ಜಪಾನಿನ ತಕಾಓಕ ಕಾರ್ಖಾನೆಗೆ ಕೆಲವು ವಾರಗಳ ತರಬೇತಿಗೆ ಕಳಿಸಿದರು. ಅಲ್ಲಿ ಅವರು ಕಂಡ ಒಂದು ಸಂಗತಿ ಎಲ್ಲ ಉಪನ್ಯಾಸಗಳಿಗಿಂತ ಹೆಚ್ಚು ನಾಟಿತು. ಕೆಲಸದಲ್ಲಿ ಹಿಂದೆ ಬಿದ್ದರೆ, ನಟ್ಟು ಸರಿಯಾಗಿ ಕೂರದಿದ್ದರೆ, ಕಾರ್ಮಿಕ ತಲೆಯ ಮೇಲಿನ ಹಗ್ಗವೊಂದನ್ನು ಎಳೆಯುತ್ತಾನೆ. ದೀಪ ಹೊತ್ತುತ್ತದೆ, ಸಂಗೀತ ಮೊಳಗುತ್ತದೆ. ತಂಡದ ನಾಯಕ ಓಡಿಬಂದು ‘ಏನು ತೊಂದರೆ? ನಾನೇನು ಮಾಡಲಿ?’ ಎನ್ನುತ್ತಾನೆ. ಇಬ್ಬರೂ ಸೇರಿ ಸರಿಪಡಿಸುತ್ತಾರೆ. ಕಾರು ಆ ಜಾಗದ ಗೆರೆ ದಾಟುವಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಲೈನು ನಿಲ್ಲುತ್ತದೆ. ಒಂದು ನಿಮಿಷ ನಿಂತರೂ ಅಪಾರ ನಷ್ಟ. ಆದರೂ ಹಗ್ಗ ಎಳೆದವನನ್ನು ಯಾರೂ ಬೈಯುವುದಿಲ್ಲ! ‘ನೀನು ಯಾಕೆ ಹೀಗೆ ಮಾಡಿದೆ’ ಎಂಬ ಮಾತನ್ನೇ ಕೇಳುತ್ತ ಬಂದಿದ್ದವರಿಗೆ ‘ನಾನೇನು ಮಾಡಲಿ’ ಎಂಬುದು ಹೊಸ ಭಾಷೆಯಾಗಿ ಕೇಳಿಸಿತು. ಬೀಳ್ಕೊಡುಗೆಯ ದಿನ ಆ ಒರಟು ಗಂಡಾಳುಗಳಲ್ಲಿ ಹಲವರು ಕಣ್ಣೀರಿಟ್ಟರಂತೆ.

ಫ್ರೀಮಾಂಟ್‌ನಲ್ಲೂ ಹಗ್ಗ ಬಂತು. ಮೊದಮೊದಲು ಎಳೆಯಲು ಹಿಂಜರಿದವರೇ ಹೆಚ್ಚು. ವರ್ಷಾನುಗಟ್ಟಲೆಯ ಭಯ ಒಂದು ದಿನದಲ್ಲಿ ಹೋಗುವುದಿಲ್ಲವಷ್ಟೆ. ಎಳೆದು, ಏನೂ ಅನಾಹುತವಾಗದ್ದನ್ನು ಕಂಡ ಮೇಲೆ ಧೈರ್ಯ ಬಂತು. ಗೈರುಹಾಜರಿ ಶೇ 20ಕ್ಕೂ ಮೇಲಿದ್ದದ್ದು ಶೇ 3-4ರ ಆಸುಪಾಸಿಗೆ ಇಳಿಯಿತು. 1986ರ ಹೊತ್ತಿಗೆ ಅಲ್ಲಿನ ಕಾರುಗಳ ಗುಣಮಟ್ಟ ಜಪಾನಿನ ತಾಯಿ ಕಾರ್ಖಾನೆಯದಕ್ಕೆ ಹತ್ತಿರಹತ್ತಿರ ಬಂದಿತ್ತು.

ಹಗ್ಗದ ಹಿಂದಿನ ಮಾತು

ಆದರೆ ಬರೀ ಹಗ್ಗ ಕಟ್ಟಿದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹಳೆಯ ಕಾರ್ಖಾನೆಯಲ್ಲಿ 80 ಮಂದಿ ಎಂಜಿನಿಯರುಗಳು ಯಾವ ಕೆಲಸ ಎಷ್ಟು ಸೆಕೆಂಡಿನಲ್ಲಿ ಆಗಬೇಕೆಂದು ತೀರ್ಮಾನಿಸುತ್ತಿದ್ದರು. ಸ್ಟಾಪ್‌ವಾಚ್ ಹಿಡಿದು ಬಂದವನನ್ನು ಕಂಡರೆ ಕಾರ್ಮಿಕರು ಬೇಕೆಂದೇ ನಿಧಾನ ಮಾಡುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಸ್ಟಾಪ್‌ವಾಚು ಕಾರ್ಮಿಕರ ಕೈಗೇ ಬಂತು. ಐದಾರು ಜನರ ತಂಡ ತಾನೇ ಅಳೆದು, ಚರ್ಚಿಸಿ, ಸುಲಭವಾದ ಕ್ರಮ ಯಾವುದೆಂದು ಬರೆದಿಡುತ್ತಿತ್ತು. ಅಧಿಕಾರಿಗಳಿಗೆ ಬೇರೆ ಊಟದ ಕೋಣೆ ಇರಲಿಲ್ಲ, ಕಾರು ನಿಲ್ಲಿಸಲು ಮೀಸಲು ಜಾಗ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಎದುರಾದದ್ದು 1988ರ ಸುಮಾರಿಗೆ. ಅಲ್ಲಿ ತಯಾರಾಗುತ್ತಿದ್ದ ‘ನೋವಾ’ ಕಾರಿಗೆ ಗಿರಾಕಿಗಳು ಕಡಿಮೆಯಾಗಿ ಉತ್ಪಾದನೆ ಬಹಳ ಇಳಿಯಿತು. ಯೂನಿಯನ್ ಒಪ್ಪಂದದಲ್ಲಿ ಕಂಪೆನಿ ಒಂದು ಮಾತು ಕೊಟ್ಟಿತ್ತು: ಉದ್ಯಮ ಉಳಿಯುವುದೇ ಕಷ್ಟವೆನ್ನುವ ಸ್ಥಿತಿ ಬಾರದೆ ಯಾರನ್ನೂ ತೆಗೆಯುವುದಿಲ್ಲ, ಅದಕ್ಕೆ ಮೊದಲು ಅಧಿಕಾರಿಗಳ ಸಂಬಳವೇ ಕಡಿತ. ಈಗ ಏನಾಗುವುದೋ ಎಂದು ಎಲ್ಲರೂ ಉಸಿರು ಬಿಗಿಹಿಡಿದರು. ಕಂಪೆನಿ ಒಬ್ಬರನ್ನೂ ಮನೆಗೆ ಕಳಿಸಲಿಲ್ಲ. ಹೆಚ್ಚಾದ ಕೈಗಳನ್ನು ತರಬೇತಿಗೆ, ಕೆಲಸದ ವಿಧಾನ ಸುಧಾರಿಸುವ ತಂಡಗಳಿಗೆ ಹಾಕಿತು. ಕಾರ್ಮಿಕರು ಆಡಳಿತವನ್ನು ನಿಜವಾಗಿ ನಂಬಿದ್ದು ಆಗಲೇ ಎನಿಸುತ್ತದೆ. ‘ನಾವೆಲ್ಲ ಒಂದೇ ಕುಟುಂಬ’ ಎಂದು ಗೋಡೆಯ ಮೇಲೆ ಬರೆಸಿ, ವ್ಯಾಪಾರ ಕುಂದಿದ ತಿಂಗಳೇ ನೂರಾರು ಜನರ ಹೆಸರು ಅಳಿಸುವ ಕಂಪೆನಿಗಳನ್ನು ನಾವು ಸಾಕಷ್ಟು ನೋಡಿದ್ದೇವೆ.

ಫ್ರೀಮಾಂಟ್ ಸ್ವರ್ಗವಾಗಿತ್ತೆಂದು ಭಾವಿಸಬೇಡಿ. ಕೆಲಸ ಬಲು ಬಿರುಸು. ಹಳೆಯ ಕಾರ್ಖಾನೆಯಲ್ಲಿ ನಿಮಿಷಕ್ಕೆ 45 ಸೆಕೆಂಡು ಕೈ ಆಡುತ್ತಿದ್ದರೆ ಇಲ್ಲಿ 57 ಸೆಕೆಂಡು ಎಂಬ ಲೆಕ್ಕವಿದೆ. ಕೈನೋವು, ಬೆನ್ನುನೋವಿನ ದೂರುಗಳು ಬಂದವು. 1993ರಲ್ಲಿ ಹೊಸ ಮಾದರಿ ಆರಂಭಿಸಿದಾಗ ಈ ವಿಷಯದಲ್ಲಿ ರಾಜ್ಯದ ಸುರಕ್ಷತಾ ಇಲಾಖೆಯಿಂದ ಆಕ್ಷೇಪಣೆಯನ್ನೂ ಎದುರಿಸಬೇಕಾಯಿತು. ಯೂನಿಯನ್ನಿನೊಳಗೇ ಈ ಪದ್ಧತಿಯನ್ನು ವಿರೋಧಿಸುವ ಬಣವಿತ್ತು. ಹಾಗಿದ್ದರೂ ಹಳೆಯ ದಿನಗಳು ಮತ್ತೆ ಬರಲಿ ಎಂದವರು ವಿರಳ.

ಜನರಲ್ ಮೋಟಾರ್ಸ್ ಇದೇ ಪದ್ಧತಿಯನ್ನು ಅದೇ ರಾಜ್ಯದ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ತರಲು ಹೊರಟಿತು. ತಂಡಗಳನ್ನು ಮಾಡಿತು, ಭಾಷಣಗಳೂ ಆದವು. ಹಗ್ಗ ಎಳೆದರೆ ಮೇಲ್ವಿಚಾರಕ ಮಾತ್ರ ಹಳೆಯ ಹಾಗೆಯೇ ಸಿಡುಕುತ್ತಿದ್ದ. ಕಾರ್ಮಿಕರಿಗೂ ಇದೊಂದು ಹೊಸ ಹುನ್ನಾರ ಎಂಬ ಗುಮಾನಿ. 1992ರಲ್ಲಿ ಆ ಕಾರ್ಖಾನೆಯೇ ಮುಚ್ಚಿಹೋಯಿತು. ನಮ್ಮಿಯ ತರಬೇತಿಯಲ್ಲಿ ಪಾಲ್ಗೊಂಡಿದ್ದ ಜಾನ್ ಶೂಕ್ ಎಂಬ ಅಮೆರಿಕನ್ 2010ರಲ್ಲಿ ಬರೆದ ಲೇಖನವೊಂದರ ಸಾರ ಇಷ್ಟೆ: ಜನರ ಮನಸ್ಸು ಬದಲಿಸಿ ಆಮೇಲೆ ನಡತೆ ಬದಲಿಸುತ್ತೇವೆ ಎಂದು ಹೊರಡಬೇಡಿ, ಮೊದಲು ದಿನದಿನದ ನಡೆ ಬದಲಾಗಲಿ, ಮನಸ್ಸು ಹಿಂಬಾಲಿಸುತ್ತದೆ.

ಬಿಡದಿಯಲ್ಲಿ

ಟೊಯೊಟಾ ನಮಗೂ ನೆರೆಮನೆಯೇ. ಬೆಂಗಳೂರು–ಮೈಸೂರು ದಾರಿಯ ಬಿಡದಿಯಲ್ಲಿ ಕಿರ್ಲೋಸ್ಕರ್ ಜೊತೆಗೂಡಿ 1997ರಲ್ಲಿ ಕಂಪೆನಿ ಸ್ಥಾಪಿಸಿ, 1999ರ ಕೊನೆಯಲ್ಲಿ ವಾಹನ ತಯಾರಿಕೆ ಆರಂಭಿಸಿತು. 2007ರಲ್ಲಿ ಅಲ್ಲೇ ತೆರೆದ ತರಬೇತಿ ಸಂಸ್ಥೆಯಲ್ಲಿ ಹತ್ತನೆಯ ತರಗತಿ ಪಾಸಾದ ಹಳ್ಳಿಗಾಡಿನ ಮಕ್ಕಳು ಮೂರು ವರ್ಷ ಕಲಿತು ಹೊರಬಂದಿದ್ದಾರೆ. ಆದರೂ 2006, 2014 ಮತ್ತು 2020ರಲ್ಲಿ ಬಿಡದಿಯಲ್ಲೇ ಆಡಳಿತಕ್ಕೂ ಕಾರ್ಮಿಕರಿಗೂ ಜಗಳವಾಗಿ ಬೀಗಮುದ್ರೆಯವರೆಗೆ ಹೋದದ್ದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಅದೇ ಹಗ್ಗ, ಅದೇ ಹೆಸರು ಇದ್ದಮಾತ್ರಕ್ಕೆ ಎಲ್ಲ ಕಡೆ ಒಂದೇ ಫಲವಿಲ್ಲ. ನಂಬಿಕೆಯನ್ನು ಪ್ರತಿ ಊರಿನಲ್ಲೂ ಮೊದಲಿನಿಂದ ಗಳಿಸಬೇಕಾಗುತ್ತದೆ.

ಇದರಿಂದ ಕಾಲೇಜಿನ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿಗೇನು ಪ್ರಯೋಜನ? ಸಂದರ್ಶನದ ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ?’ ಎಂದಾಗ ಸುಮ್ಮನೆ ತಲೆಯಾಡಿಸಿ ಎದ್ದು ಬರಬೇಡಿ. ಹೊಸಬರು ತಪ್ಪು ಮಾಡಿದರೆ ಯಾರನ್ನು ಕೇಳಬೇಕು, ಮೊದಲ ಮೂರು ತಿಂಗಳು ಕಲಿಸುವವರು ಯಾರು ಎಂದು ವಿನಯದಿಂದಲೇ ಕೇಳಬಹುದು. ಉತ್ತರಕ್ಕಿಂತ ಉತ್ತರಿಸುವವರ ಮುಖ ನೋಡಿ. ಸಾಧ್ಯವಾದರೆ ಅಲ್ಲಿ ಒಂದೆರಡು ವರ್ಷದ ಹಿಂದೆ ಸೇರಿದ ನಿಮ್ಮದೇ ಕಾಲೇಜಿನವರನ್ನು ಹುಡುಕಿ ಮಾತಾಡಿಸಿ. ಅವರು ಮೇಲಧಿಕಾರಿಯ ಬಗ್ಗೆ ಮಾತಾಡುವಾಗ ದನಿ ತಗ್ಗಿಸಿದರೆ ಅದೂ ಒಂದು ಉತ್ತರವೇ. ನೀವೇ ಮುಂದೊಂದು ದಿನ ನಾಲ್ಕು ಜನರ ಮೇಲೆ ಅಧಿಕಾರಿಯಾಗುತ್ತೀರಿ. ಆಗ ನಿಮ್ಮ ಬಳಿ ಬಂದು ‘ಸರ್, ಕೆಟ್ಟುಹೋಯಿತು’ ಎನ್ನುವವನಿಗೆ ನೀವು ಹೇಳುವ ಮೊದಲ ಮಾತು ಯಾವುದು?

ಪೋಷಕರಿಗೂ ಒಂದು ಮಾತಿದೆ, ಬೇಸರಿಸಬಾರದು. ಕಡಿಮೆ ಅಂಕ ಬಂದ ಉತ್ತರಪತ್ರಿಕೆ ಬ್ಯಾಗಿನ ತಳದಲ್ಲಿ ಮುದುಡಿ ಕೂರುವುದು ಬಹುತೇಕ ಮನೆಗಳ ಕಥೆ. ಮಗು ಅದನ್ನು ತಾನಾಗಿ ತಂದು ತೋರಿಸಿದ ದಿನವೇ ನಾವು ಬೈದಿದ್ದರೆ, ಮುಂದಿನ ಸಲ ಅದು ಹಗ್ಗ ಎಳೆಯುವುದಿಲ್ಲ. ಅಂಥ ಮಗು ದೊಡ್ಡದಾಗಿ ಕೆಲಸಕ್ಕೆ ಸೇರಿದ ಮೇಲೂ ಬಾಗಿಲೊಳಗಿನ ಬಾಟಲಿಯನ್ನು ಕಂಡೂ ಕಾಣದಂತೆ ಮುಚ್ಚಿಬಿಡಬಹುದು.

ನಮ್ಮಿ 25 ವರ್ಷ ಬಾಳಿತು. 2009ರಲ್ಲಿ ದಿವಾಳಿಯಾದ ಜನರಲ್ ಮೋಟಾರ್ಸ್ ಕೈಬಿಟ್ಟಿತು, ಟೊಯೊಟಾವೂ ಮುಂದುವರಿಸಲು ಒಪ್ಪಲಿಲ್ಲ. ಕಾರ್ಮಿಕರಲ್ಲಿ ಇದನ್ನು ವಿಶ್ವಾಸದ್ರೋಹವೆಂದು ಕಂಡವರಿದ್ದರು. ಹಾಗನ್ನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. 2010ರಲ್ಲಿ ಟೆಸ್ಲಾ ಆ ಕಟ್ಟಡವನ್ನು ಕೊಂಡು ಮುಂದೆ ವಿದ್ಯುತ್ ಕಾರುಗಳನ್ನು ತಯಾರಿಸತೊಡಗಿತು ಎಂಬುದು ಬೇರೆ ಕಥೆ. 2010ರ ಏಪ್ರಿಲ್ 1ರಂದು ಲೈನಿನಿಂದ ಕೊನೆಯ ಕಾರು, ಕೆಂಪು ಬಣ್ಣದ ಒಂದು ಕೊರೊಲ್ಲಾ, ಹೊರಬಂತು. ಮುಚ್ಚುವುದು ಖಚಿತವಾಗಿದ್ದ ಆ ತಿಂಗಳುಗಳಲ್ಲೂ ಸಾವಿರಾರು ಜನ ಬೆಳಿಗ್ಗೆ ಕೆಲಸಕ್ಕೆ ಬಂದು ಕಾರುಗಳನ್ನು ತಯಾರಿಸುತ್ತಲೇ ಇದ್ದರು.