ಬಾಯಿಪಾಠದ ಚದುರಂಗ

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದರು. ಪಂದ್ಯದ ಹದಿನಾಲ್ಕನೇ ಆಟ ತೀರ್ಮಾನವಾದದ್ದು 55ನೇ ನಡೆಯಲ್ಲಿ. ಬಿಳಿ ಕಾಯಿಗಳ ಎದುರಾಳಿ ಡಿಂಗ್ ಲಿರೆನ್ ತಮ್ಮ ಆನೆಯನ್ನು ಎಫ್2 ಮನೆಗೆ ತಂದರು. ಆನೆಗಳೂ ಒಂಟೆಗಳೂ ಹೊಡೆದಾಡಿ ಹೋಗಿ ರಾಜ ಮತ್ತು ಕಾಲಾಳುಗಳಷ್ಟೇ ಉಳಿಯುವ, ಕಪ್ಪು ಕಾಯಿಗಳ ಗುಕೇಶ್ ಗೆಲ್ಲುವ ಸ್ಥಿತಿಗೆ ಅದು ದಾರಿ ಮಾಡಿತು. ವಿಶ್ವ ಪಟ್ಟದ ಪಂದ್ಯಕ್ಕೆ ಎರಡೂ ಕಡೆಯವರು ಕಂಪ್ಯೂಟರ್ ಮುಂದೆ ಕೂತು ಹೆಣೆದ ಆರಂಭಿಕ ನಡೆಗಳಿಗೂ ಆ ಕೊನೆಗೂ ನೇರ ಸಂಬಂಧವಿರಲಿಲ್ಲ. ಆದರೆ ಆ ಗೆಲುವಿನ ನಂತರ ಚೆಸ್ ಹುಚ್ಚು ಹತ್ತಿಸಿಕೊಂಡ ಮಕ್ಕಳ ಮೊಬೈಲಿಗೆ ಬರುತ್ತಿರುವ ಪಾಠಗಳಲ್ಲಿ ಬಹುಪಾಲು ಆ ಆರಂಭಿಕ ನಡೆಗಳದ್ದೇ, ಅಂದರೆ ಓಪನಿಂಗಿನದೇ: ಇಟಾಲಿಯನ್, ಸಿಸಿಲಿಯನ್, ಲಂಡನ್ ಸಿಸ್ಟಮ್, ಎದುರಾಳಿಯನ್ನು ಹತ್ತೇ ನಡೆಯಲ್ಲಿ ಕೆಡವುವ ಬಲೆಗಳು. ಹಾವೇರಿ ಜಿಲ್ಲೆಯ ಹೊಸರಿತ್ತಿಯಂಥ ಊರಿನಲ್ಲಿ ಪಕ್ಕ ಕೂತು ತಪ್ಪು ತಿದ್ದುವ ಗುರು ಸಿಗುವುದು ಕಷ್ಟ. ಇಡೀ ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದೇ 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರ ರೂಪದಲ್ಲಿ. ಹೀಗಾಗಿ ಮೊಬೈಲೇ ಗುರು. ಬಾಯಿಪಾಠವನ್ನೇ ಓದು ಎಂದು ನಂಬಿದ ಮನೆಗಳಲ್ಲಿ ಓಪನಿಂಗ್ ಕೂಡ ಮಗ್ಗಿಯಂತೆ ಒಪ್ಪಿಸುವ ವಿಷಯವಾಗಿಬಿಡುವುದು ಸಹಜ.

ಮೊದಲು ಲೆಕ್ಕ ನೋಡೋಣ. ಮೊದಲ ನಡೆಗೆ ಬಿಳಿಗೆ 20 ಆಯ್ಕೆ, ಕಪ್ಪಿಗೂ 20. ಅಲ್ಲಿಗೇ 400 ಬಗೆ. ಇಬ್ಬರೂ ಎರಡೆರಡು ನಡೆ ಮುಗಿಸುವಷ್ಟರಲ್ಲಿ ಆಟ ಸಾಗಬಹುದಾದ ದಾರಿಗಳು 1,97,281. ಇವುಗಳಲ್ಲಿ ಹೆಚ್ಚಿನವು ಕೆಟ್ಟ ದಾರಿಗಳು, ಪುಸ್ತಕಗಳು ಅವನ್ನು ಕೈಬಿಟ್ಟಿರುತ್ತವೆ. ತೊಡಕು ಇರುವುದೇ ಇಲ್ಲಿ. ಹದಿನೈದನೇ ನಡೆಯವರೆಗೆ ಪುಸ್ತಕ ನಡೆಯಬೇಕಾದರೆ ಎದುರಿಗೆ ಕೂತವನೂ ಅದೇ ಪುಸ್ತಕ ಓದಿರಬೇಕು. ಶಾಲಾ ಕ್ರೀಡಾಕೂಟದ ತಾಲ್ಲೂಕು ಹಂತದಲ್ಲಿ ಬ್ಯಾಡಗಿಯ ಹುಡುಗ ಸಿಸಿಲಿಯನ್‌ನ ನೈಡಾರ್ಫ್ ಸಾಲಿಗೆ ಸಿದ್ಧವಾಗಿ ಹೋದರೆ, ಎದುರಾಳಿ ಮೂರನೇ ನಡೆಗೇ ಅಂಚಿನ ಕಾಲಾಳನ್ನು ಮುಂದೆ ತಳ್ಳುತ್ತಾನೆ. ಆ ನಡೆ ದುರ್ಬಲ, ನಿಜ. ಆದರೆ ಏಕೆ ದುರ್ಬಲ, ಅದಕ್ಕೆ ಏನು ಶಿಕ್ಷೆ ಎಂಬುದು ಉರುಹೊಡೆದ ಸಾಲಿನಲ್ಲಿ ಇರುವುದಿಲ್ಲ. ಅಲ್ಲಿಂದಾಚೆ ಹುಡುಗ ಒಬ್ಬನೇ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ; ಇಂಥ ಓಪನಿಂಗ್ ಜ್ಞಾನವೂ ಹಾಗೆಯೇ. (ಮೆಣಸಿನಕಾಯಿಗಾದರೆ ಬಣ್ಣಕ್ಕೇ ಬೆಲೆ ಸಿಗುತ್ತದೆ, ಆ ಮಾತು ಬೇರೆ.)

ನೆನಪಿನ ಶಕ್ತಿಯೇ ದೊಡ್ಡ ಆಟಗಾರರ ಬಂಡವಾಳವಲ್ಲವೇ ಎಂದು ಕೇಳಬಹುದು. 1973ರಲ್ಲಿ ಮನೋವಿಜ್ಞಾನಿಗಳಾದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ನಿಜವಾದ ಆಟದ ನಡುವಿನ ಸ್ಥಿತಿಯೊಂದನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿದರೆ ಮಾಸ್ಟರ್ ಬಹುಪಾಲು ಕಾಯಿಗಳನ್ನು ಸರಿಯಾದ ಮನೆಗಳಲ್ಲಿ ಇಡುತ್ತಾನೆ, ಹೊಸಬ ನಾಲ್ಕೈದನ್ನು ಇಟ್ಟರೆ ಹೆಚ್ಚು. ಅವೇ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಇಬ್ಬರ ನಡುವಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ಮಾಸ್ಟರ್ ನೆನಪಿಟ್ಟುಕೊಳ್ಳುವುದು ಕಾಯಿಗಳ ನಡುವಿನ ಸಂಬಂಧವನ್ನು, ಬಿಡಿಬಿಡಿ ಕಾಯಿಗಳನ್ನಲ್ಲ. ಅರ್ಥ ತಿಳಿಯದೆ ಕಲಿತ ಹದಿನೈದು ನಡೆ ಕಲಿಯುವವನ ಪಾಲಿಗೆ ಚೆಲ್ಲಿದ ಕಾಯಿಗಳ ಹಾಗೆಯೇ ಇರುತ್ತದೆ.

ಓಪನಿಂಗ್ ಓದೇ ಬೇಡ ಎನ್ನುವವರಿಗೆ ಮೀರ್ ಸುಲ್ತಾನ್ ಖಾನ್ ಬಲು ಪ್ರಿಯ ಉದಾಹರಣೆ. ಪಂಜಾಬಿನ ಈ ಆಟಗಾರ ಕಲಿತದ್ದು ದೇಸೀ ನಿಯಮಗಳ ಆಟ. ಅದರಲ್ಲಿ ಕಾಲಾಳಿಗೆ ಮೊದಲ ಸಲವೂ ಒಂದೇ ಮನೆ, ಕ್ಯಾಸ್ಲಿಂಗ್ ರೀತಿಯೂ ಬೇರೆ. ಹಾಗಾಗಿ ಯುರೋಪಿನ ಓಪನಿಂಗ್ ಪುಸ್ತಕ ಅವರಿಗೆ ಪರಕೀಯ. ಆದರೂ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾ ಅವರನ್ನೇ ಸೋಲಿಸಿದರು. ಮಧ್ಯದಾಟ ಮತ್ತು ಅಂತ್ಯದಾಟದ ಬಲ ಅವರನ್ನು ಅಷ್ಟು ದೂರ ಒಯ್ದಿತು. ಈ ಕತೆ ಹೇಳುವಾಗ ಒಂದು ತುಣುಕನ್ನು ಬಿಟ್ಟುಬಿಡುವ ರೂಢಿಯಿದೆ. ಲಂಡನ್ನಿಗೆ ಬಂದ ಹೊಸತರಲ್ಲಿ ಅವರು ಸೋಲುಂಡಿದ್ದರು. ವಿಂಟರ್ ಮತ್ತು ಯೇಟ್ಸ್ ಎಂಬ ಇಬ್ಬರು ಆಟಗಾರರು ಕೂರಿಸಿಕೊಂಡು ಓಪನಿಂಗ್ ತಿದ್ದಿದ ಮೇಲೆ ಮೊದಲ ಪಟ್ಟ ಬಂತು. ಅಂದರೆ ಸುಲ್ತಾನ್ ಖಾನ್‌ಗೂ ಓಪನಿಂಗ್ ಬೇಕಾಯಿತು, ಆದರೆ ಅದು ಬಂದದ್ದು ಆಟ ಬಲಿತ ಮೇಲೆ, ಎಲ್ಲಿ ಎಡವುತ್ತಿದ್ದರೋ ಅಲ್ಲಿಗೆ ಬೇಕಾದಷ್ಟು. ನನ್ನ ವಾದವೂ ಇಷ್ಟೇ: ಓಪನಿಂಗ್ ಓದು ಆಟ ಆಡಿದ ಮೇಲೆ ಬರಬೇಕು. ಸೋತ ಆಟವನ್ನು ಮುಂದಿಟ್ಟುಕೊಂಡು, ಪುಸ್ತಕದಿಂದ ಎಲ್ಲಿ ಹೊರಬಿದ್ದೆ ಎಂದು ಹುಡುಕಿ, ಆ ಒಂದು ನಡೆಯ ಕಾರಣ ತಿಳಿದರೆ ಸಾಕು. ಮುಂದಿನ ಸೋಲು ಇನ್ನೊಂದು ನಡೆ ಕಲಿಸುತ್ತದೆ.

ಇದಕ್ಕೆ ಗಟ್ಟಿ ಆಕ್ಷೇಪವೊಂದಿದೆ. ಇಟಾಲಿಯನ್ ಆಟದಲ್ಲಿ ಕಪ್ಪು ಎರಡೂ ಕುದುರೆ ಹೊರಡಿಸಿದಾಗ ಬಿಳಿ ತನ್ನ ಕುದುರೆಯನ್ನು ಜಿ5ಕ್ಕೆ ನೆಗೆಸಿ ಎಫ್7 ಮೇಲೆ ಕಣ್ಣು ಹಾಕುತ್ತದೆ. ಕಪ್ಪು ಡಿ5ಕ್ಕೆ ಕಾಲಾಳು ತಳ್ಳಿ, ಬಿಳಿ ಅದನ್ನು ಹೊಡೆದಾಗ, ಕುದುರೆಯಿಂದ ತಿರುಗಿ ಹೊಡೆಯುವುದು ಯಾರಿಗಾದರೂ ತೋಚುವ ನಡೆ. ಆಮೇಲೆ ಬಿಳಿ ಕುದುರೆಯನ್ನೇ ಎಫ್7ರಲ್ಲಿ ಬಲಿಕೊಟ್ಟು ರಾಜನನ್ನು ಬಯಲಿಗೆ ಎಳೆಯುತ್ತದೆ. ಒಳ್ಳೆಯ ಉತ್ತರ ಇನ್ನೊಂದು ಕುದುರೆಯನ್ನು ಎ5ಕ್ಕೆ ಒಯ್ಯುವುದು. ಹಲಗೆಯ ಮುಂದೆ ಕೂತು ಅದನ್ನು ಹೊಸದಾಗಿ ಕಂಡುಹಿಡಿಯುವ ಮಗು ವಿರಳ. ಇಂಥ ಹತ್ತಾರು ಸ್ಥಿತಿಗಳನ್ನು ಮೊದಲೇ ತಿಳಿದಿರಬೇಕು, ಒಪ್ಪಿದೆ. ಆದರೆ ಇಲ್ಲಿಯೂ ಉಳಿಯುವ ಪಾಠ ಎಫ್7ರದ್ದು: ಆರಂಭದಲ್ಲಿ ಆ ಮನೆಗೆ ರಾಜನಲ್ಲದೆ ಬೇರೆ ಕಾವಲಿಲ್ಲ. ಇದನ್ನು ಅರಿತವನು ನಾಲ್ಕು ನಡೆಯ ಮೇಟನ್ನೂ ತಡೆಯುತ್ತಾನೆ, ಹೆಸರಿಲ್ಲದ ಇನ್ನೆಷ್ಟೋ ದಾಳಿಗಳನ್ನೂ ತಡೆಯುತ್ತಾನೆ.

ಕ್ರಾಮ್ನಿಕ್ 2000ದಲ್ಲಿ ಲಂಡನ್ನಿನಲ್ಲಿ ಬರ್ಲಿನ್ ಡಿಫೆನ್ಸ್ ಒಂದರಿಂದಲೇ ಕಾಸ್ಪರೋವ್ ಅವರ ವಿಶ್ವ ಪಟ್ಟ ಕಿತ್ತುಕೊಂಡರಲ್ಲ ಎನ್ನುವವರೂ ಇದ್ದಾರೆ. ಹೌದು, 8.5–6.5ರ ಆ ಪಂದ್ಯದಲ್ಲಿ ಕಾಸ್ಪರೋವ್ ಒಂದು ಆಟವನ್ನೂ ಗೆಲ್ಲಲಿಲ್ಲ. ಆದರೆ ಬರ್ಲಿನ್‌ನ ಆ ಸಾಲಿನಲ್ಲಿ ಎಂಟನೇ ನಡೆಗೇ ರಾಣಿಗಳು ಹಲಗೆಯಿಂದ ಇಳಿಯುತ್ತವೆ. ಕಾಸ್ಪರೋವ್ ಅವರನ್ನು ಕಟ್ಟಿಹಾಕಿದ್ದು ರಾಣಿಯಿಲ್ಲದ ಸ್ಥಿತಿಯನ್ನು ಆಡುವ ಕಸುಬು, ಓಪನಿಂಗ್ ಅದಕ್ಕೆ ಬಾಗಿಲು ಮಾತ್ರ. ಚೆನ್ನೈನ ಗುಕೇಶ್ ಅವರ ಮಾತೆತ್ತುವುದಾದರೆ, ಅವರನ್ನು ಗ್ರ್ಯಾಂಡ್‌ಮಾಸ್ಟರ್ ಆಗುವವರೆಗೂ ಕೋಚ್ ವಿಷ್ಣು ಪ್ರಸನ್ನ ಕಂಪ್ಯೂಟರ್ ಎಂಜಿನ್‌ಗಳಿಂದ ದೂರ ಇಟ್ಟಿದ್ದರು. ಕಪಾಬ್ಲಾಂಕಾ ಕೂಡ 1921ರ ತಮ್ಮ ಪಠ್ಯವನ್ನು ಶುರುಮಾಡಿದ್ದು ಒಂಟಿ ರಾಜನಿಗೆ ಮೇಟ್ ಕೊಡುವ ಸರಳ ಪಾಠದಿಂದ.

ಮಾದರಿ ಆಟಗಳ ಮೂಲಕ ಓಪನಿಂಗ್ ಕಲಿತರೆ ಮಧ್ಯದಾಟದ ಯೋಜನೆಯೂ ಬರುತ್ತದಲ್ಲ ಎಂಬ ಮಾತಿಗೆ ನನ್ನ ತಕರಾರಿಲ್ಲ. ಒಂದೇ ಓಪನಿಂಗಿನ ಐದಾರು ಆಟಗಳನ್ನು ಮೊದಲ ನಡೆಯಿಂದ ಕೊನೆಯವರೆಗೆ ಹಲಗೆಯ ಮೇಲೆ ಇಟ್ಟು ನೋಡಿದರೆ, ಯಾವ ಕಾಲಾಳು ಯಾವಾಗ ಮುಂದೆ ಹೋಗಬೇಕು, ಯಾವ ಕಾಯಿ ಹೊಡೆದಾಡಿ ಹೋದರೆ ಲಾಭ ಎಂಬುದು ಕಣ್ಣಿಗೆ ಹತ್ತುತ್ತದೆ. ಮೊದಲ ಹತ್ತು ನಡೆ ತೋರಿಸಿ ವಿಡಿಯೊ ನಿಂತರೆ ಆ ಲಾಭವಿಲ್ಲ.

ಲೆಕ್ಕ ಬದಲಾಗುವ ಹಂತವೂ ಇದೆ. 2024ರ ಮಾರ್ಚ್‌ನಿಂದ ವಿಶ್ವ ಚೆಸ್ ಒಕ್ಕೂಟ ಫಿಡೆ ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿದೆ. ಆ ಮೆಟ್ಟಿಲಿನಿಂದ 1800ರ ಆಸುಪಾಸಿನವರೆಗೆ ಆಟ ಕೈತಪ್ಪುವುದು ಹೆಚ್ಚಾಗಿ ಕಾಯಿ ಬಿಟ್ಟುಕೊಟ್ಟಾಗ, ಗಡಿಯಾರ ಓಡಿದಾಗ, ಆನೆ-ಕಾಲಾಳಿನ ಅಂತ್ಯದಾಟ ತಿಳಿಯದಾಗ. ರಾಣೆಬೆನ್ನೂರಿನ ಹುಡುಗಿಯೊಬ್ಬಳು ಆ 1800ರ ಹಂತವನ್ನು ದಾಟಿ ರೇಟಿಂಗ್ ಟೂರ್ನಿಗಳಿಗೆ ಊರೂರು ಸುತ್ತಲು ಶುರುಮಾಡಿದಾಗ ಅವಳ ಆಟಗಳು ಡೇಟಾಬೇಸಿಗೆ ಹೋಗುತ್ತವೆ. ಆಗ ಎದುರಾಳಿ ಹಿಂದಿನ ರಾತ್ರಿ ಅವಳ ಆಟಗಳನ್ನೇ ತೆರೆದು, ಅವಳು ಪ್ರತಿಸಲ ಆಡುವ ಆರನೇ ನಡೆಗೆ ಹೊಸ ಉತ್ತರ ಸಿದ್ಧಮಾಡಿಕೊಂಡು ಬರುತ್ತಾಳೆ. ಆ ದಿನದಿಂದ ಓಪನಿಂಗಿಗೆ ವಾರದಲ್ಲಿ ಒಂದೆರಡು ಸಂಜೆ ಮೀಸಲಿಡುವುದು ಅವಳಿಗೆ ಅನಿವಾರ್ಯ.