ಜೌಗು ಮುಚ್ಚಿದರೆ ನೀರು ಮನೆಗೆ

ಮಳೆ ಕೈಕೊಟ್ಟ ವರ್ಷಗಳಲ್ಲಿ ಕೃಷ್ಣಾ ನಿಲ್ದಾಣದಲ್ಲಿ ರೈಲು ಹತ್ತಿ ಮುಂಬಯಿಗೆ ಕೂಲಿಗೆ ಹೋದವರು ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆಯ ಅನೇಕ ಮನೆಗಳಲ್ಲಿದ್ದಾರೆ. 'ಪಾಲಮೂರು ಕೂಲಿ'ಗಳೆಂದು ಹೆಸರಾದ ನಮ್ಮವರು ದೂರದ ಊರುಗಳಲ್ಲಿ ಮಣ್ಣು ಹೊತ್ತರು, ಕಟ್ಟಡ ಕಟ್ಟಿದರು. ಆ ಮಹಾನಗರ ಬೆಳೆದ ನೆಲ ಎಂತಹದು ಎಂದು ನಾವು ತಿಳಿಯಬೇಕು.

ಮುಂಬಯಿ ಮೊದಲು ಏಳು ದ್ವೀಪಗಳು. ಅವುಗಳ ನಡುವೆ ಸಮುದ್ರದ ಉಬ್ಬರದ ನೀರು ಬಂದು ಹೋಗುತ್ತಿತ್ತು. 18ನೇ ಶತಮಾನದಿಂದ ಒಡ್ಡು ಕಟ್ಟಿ, ಮಣ್ಣು ತುಂಬಿ ಅವನ್ನು ಒಂದುಗೂಡಿಸಿದರು. 1970ರ ದಶಕದಿಂದ ಮಿಠಿ ನದಿಯ ಜೌಗು ನೆಲದ ಮೇಲೆ ಬಾಂದ್ರಾ-ಕುರ್ಲಾ ಸಂಕೀರ್ಣ ಎದ್ದಿತು. ಕಾಂಡ್ಲಾ ಕಾಡು ಕರಗಿತು, ನದಿ ಕಿರಿದಾಯಿತು.

ಜೌಗು ನೆಲ ಬೀಳು ನೆಲವಲ್ಲ. ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಕಾಂಡ್ಲಾ ಬೇರುಗಳು ದಂಡೆಯ ಮಣ್ಣನ್ನು ಕಾಯುತ್ತವೆ, ಮೀನುಮರಿಗಳಿಗೆ ಆಸರೆಯಾಗುತ್ತವೆ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ಅದೇ ಹೊತ್ತಿಗೆ ಸಮುದ್ರವೂ ಉಬ್ಬಿತ್ತು. ಅಷ್ಟು ಮಳೆಗೆ ಯಾವ ಊರೂ ತತ್ತರಿಸುತ್ತದೆ ನಿಜ. ಆದರೆ ನೀರಿಗೆ ನಿಲ್ಲಲು ಜಾಗವಿಲ್ಲದೆ ಕಷ್ಟ ಹೆಚ್ಚಾಯಿತು. ನೂರಾರು ಜನ ಸತ್ತರು. ಅದೇ ವರ್ಷ ಅಲ್ಲಿನ ಉಚ್ಚ ನ್ಯಾಯಾಲಯ ಕಾಂಡ್ಲಾ ನಾಶವನ್ನು ತಡೆಯಿತು.

ನೆರೆ ಇಳಿದ ಮೇಲೆ ಇಲಿ ಜ್ವರ ಹರಡಿತು. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯದ ಮೂಲಕ ಈ ರೋಗ ತರುತ್ತದೆ. ಭತ್ತದ ಗದ್ದೆಯಲ್ಲಿ ದುಡಿಯುವ ನಮಗೂ ಇದರ ಭಯವಿದೆ. ಗಾಯ ಇದ್ದರೆ ಕಟ್ಟಿಕೊಂಡು, ಆದಷ್ಟು ಬೂಟು ಹಾಕಿ ನೀರಿಗಿಳಿಯಿರಿ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ, ಗದ್ದೆ ಕೆಲಸದ ವಿಷಯವನ್ನೂ ಹೇಳಿರಿ. ಬೇಗ ಔಷಧಿ ಕೊಟ್ಟರೆ ಗುಣವಾಗುತ್ತದೆ.

ನಮಗೆ ಸಮುದ್ರವಿಲ್ಲ, ಕೆರೆಗಳಿವೆ. 2015ರಲ್ಲಿ ಆರಂಭವಾದ ಮಿಷನ್ ಕಾಕತೀಯದಲ್ಲಿ ಕೆರೆಯ ಹೂಳು ತೆಗೆದು ಹೊಲಗಳಿಗೆ ಹಾಕಿದ್ದನ್ನು ಕಂಡಿದ್ದೇವೆ. 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಊರು ಬೆಳೆಯುವುದು ಸಹಜ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಕೆರೆಯಂಗಳದಲ್ಲಿ, ಹಳ್ಳದ ದಂಡೆಯಲ್ಲಿ ನಿವೇಶನ ಕೊಳ್ಳಬೇಡಿ. ಮೊದಲು ಗ್ರಾಮದ ನಕ್ಷೆ ನೋಡಿ, ಹಿರಿಯರನ್ನು ಕೇಳಿ. ಕೆರೆಗೆ ನೀರು ತರುವ ಕಾಲುವೆಯನ್ನು ಮುಚ್ಚಬೇಡಿ.

ಮರಳಿನ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ನಾವು ಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ನಿವೇಶನಕ್ಕೆ ಮುಂಗಡ ಕೊಡುವ ಮುನ್ನ ಅದನ್ನು ಇನ್ನೊಮ್ಮೆ ನೆನೆಯೋಣ.