ಭಾರತದಲ್ಲಿ ಪೇಟೆಂಟ್ ಅರ್ಜಿ

ಪೇಟೆಂಟ್ ಎಂಬುದು ಹೊಸ ಆವಿಷ್ಕಾರವೊಂದನ್ನು ಇತರರು ತನ್ನ ಅನುಮತಿಯಿಲ್ಲದೆ ತಯಾರಿಸದಂತೆ, ಬಳಸದಂತೆ ಮತ್ತು ಮಾರದಂತೆ ತಡೆಯಲು ಆವಿಷ್ಕಾರಕನಿಗೆ ಸರ್ಕಾರವು ನೀಡುವ ಹಕ್ಕು. ಭಾರತದಲ್ಲಿ ಇದನ್ನು 1970ರ ಪೇಟೆಂಟ್ ಕಾಯಿದೆಯ ಅನ್ವಯ ನೀಡಲಾಗುತ್ತದೆ. ಹಕ್ಕಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷಗಳು. ಕರ್ನಾಟಕದ ಅರ್ಜಿದಾರರು ಚೆನ್ನೈನ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುತ್ತಾರೆ.

ಅರ್ಹತೆ

ಆವಿಷ್ಕಾರವು ಹೊಸದಾಗಿರಬೇಕು, ಆ ಕ್ಷೇತ್ರದ ಪರಿಣತನಿಗೆ ಸಹಜವಾಗಿ ಹೊಳೆಯುವಂತಹದಾಗಿರಬಾರದು, ಉದ್ಯಮದಲ್ಲಿ ಬಳಕೆಗೆ ಬರುವಂತಿರಬೇಕು. ಗಣಿತದ ವಿಧಾನಗಳು, ಪಾರಂಪರಿಕ ಜ್ಞಾನ ಮುಂತಾದವನ್ನು ಕಾಯಿದೆಯ 3ನೆಯ ಕಲಮು ಹೊರಗಿಡುತ್ತದೆ. ಅರ್ಜಿಗೆ ಮೊದಲೇ ಯಂತ್ರವನ್ನು ಮಾರಾಟಕ್ಕಿಟ್ಟರೆ ಅಥವಾ ಅದರ ವಿವರವನ್ನು ಪ್ರಕಟಿಸಿದರೆ, ಹಾಗೆ ಮಾಡಿದವನು ಸ್ವತಃ ಆವಿಷ್ಕಾರಕನೇ ಆಗಿದ್ದರೂ, ಹೊಸತನವು ಸಾಮಾನ್ಯವಾಗಿ ನಷ್ಟವಾಗುತ್ತದೆ. ಸರ್ಕಾರವು ಅಧಿಸೂಚಿಸಿದ ವಸ್ತುಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ ಮೊದಲಾದ ಕೆಲವೇ ಸಂದರ್ಭಗಳಲ್ಲಿ 12 ತಿಂಗಳ ವಿನಾಯಿತಿ ಇದೆ.

ವಿವರಣಾ ಪತ್ರ

ಪ್ರಯೋಗಗಳು ಇನ್ನೂ ನಡೆಯುತ್ತಿದ್ದರೆ ತಾತ್ಕಾಲಿಕ ವಿವರಣಾ ಪತ್ರವನ್ನು ಸಲ್ಲಿಸಿ ಆದ್ಯತಾ ದಿನಾಂಕವನ್ನು ಪಡೆಯಬಹುದು. 12 ತಿಂಗಳೊಳಗೆ ಪೂರ್ಣ ವಿವರಣಾ ಪತ್ರವನ್ನು ಸಲ್ಲಿಸದಿದ್ದಲ್ಲಿ ಅರ್ಜಿಯನ್ನು ಕೈಬಿಟ್ಟಂತೆ ಪರಿಗಣಿಸಲಾಗುತ್ತದೆ. ಪೂರ್ಣ ಪತ್ರದ ಕೊನೆಯಲ್ಲಿ ಬರುವ ಹಕ್ಕುಬೇಡಿಕೆಗಳೇ ಇಡೀ ಅರ್ಜಿಯ ತಿರುಳು. ಹಕ್ಕಿನ ಎಲ್ಲೆಯನ್ನು ಗುರುತಿಸುವುದು ಅವೇ. ಉದಾಹರಣೆಗೆ, ಅಡಿಕೆ ಸುಲಿಯುವ ಯಂತ್ರವೊಂದರ ಬೇಡಿಕೆಯಲ್ಲಿ ‘ಉಕ್ಕಿನ ಅಲಗು’ ಎಂದು ಬರೆದರೆ, ಬೇರೆ ವಸ್ತುವಿನ ಅಲಗನ್ನು ಬಳಸುವ ಪ್ರತಿಸ್ಪರ್ಧಿಗೆ ತಪ್ಪಿಸಿಕೊಳ್ಳಲು ದಾರಿಯಾಗುತ್ತದೆ. ಕೇವಲ ‘ಅಲಗು’ ಎಂದು ಬರೆದರೆ, ಹಿಂದಿನ ಯಾವುದೋ ಯಂತ್ರವನ್ನು ತೋರಿಸಿ ಪರೀಕ್ಷಕನು ಬೇಡಿಕೆಯನ್ನೇ ನಿರಾಕರಿಸಬಹುದು. ಅನುಭವಿ ಪೇಟೆಂಟ್ ಏಜೆಂಟರ ನೆರವು ಮುಖ್ಯವಾಗಿ ಬೇಕಾಗುವುದು ಇಲ್ಲಿಯೇ.

ಪ್ರಕಟಣೆ ಮತ್ತು ಪರೀಕ್ಷೆ

ಅರ್ಜಿಯು ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ. ಪರೀಕ್ಷೆ ತಾನಾಗಿ ನಡೆಯುವುದಿಲ್ಲ. ಅದಕ್ಕೆ ಪ್ರತ್ಯೇಕ ಕೋರಿಕೆ ಮತ್ತು ಶುಲ್ಕ ಅಗತ್ಯ. 2024ರ ತಿದ್ದುಪಡಿಯ ನಂತರ ಸಲ್ಲಿಸಿದ ಅರ್ಜಿಗಳಿಗೆ ಈ ಗಡುವು 31 ತಿಂಗಳು (ಹಿಂದೆ 48 ಇತ್ತು). ಪರೀಕ್ಷಕನ ಆಕ್ಷೇಪಗಳಿಗೆ 6 ತಿಂಗಳೊಳಗೆ ಉತ್ತರಿಸಬೇಕು. ಇದನ್ನು ಇನ್ನೂ 3 ತಿಂಗಳು ವಿಸ್ತರಿಸಲು ಅವಕಾಶವಿದೆ. ಪ್ರಕಟಣೆಯ ನಂತರ, ಪೇಟೆಂಟ್ ನೀಡುವ ಮೊದಲು ಯಾರು ಬೇಕಾದರೂ ಲಿಖಿತ ವಿರೋಧ ಸಲ್ಲಿಸಬಹುದು.

ಪೇಟೆಂಟ್ ದೊರೆತ ಮೇಲೆ

3ನೆಯ ವರ್ಷದಿಂದ ನವೀಕರಣ ಶುಲ್ಕ ತೆರಬೇಕು. ತೆರದಿದ್ದಲ್ಲಿ ಹಕ್ಕು ರದ್ದಾಗುತ್ತದೆ, 18 ತಿಂಗಳೊಳಗೆ ಮರುಸ್ಥಾಪನೆ ಕೋರಬಹುದು. ಭಾರತದ ಪೇಟೆಂಟ್ ಭಾರತದಲ್ಲಿ ಮಾತ್ರ ಮಾನ್ಯ. ಇಲ್ಲಿನ ನಿವಾಸಿಯು ವಿದೇಶದಲ್ಲಿ ಅರ್ಜಿ ಹಾಕಬೇಕಾದರೆ ಮೊದಲು ಪೇಟೆಂಟ್ ಕಚೇರಿಯ ಅನುಮತಿ ಪಡೆಯಬೇಕು, ಇಲ್ಲವೇ ಭಾರತದಲ್ಲಿ ಅರ್ಜಿ ಸಲ್ಲಿಸಿ 6 ವಾರ ಕಾಯಬೇಕು.